ಗುಂಡಿನ ಮೂತಿ ಮತ್ತು ತೋಟಾದ ಉದ್ದ

ನನ್ನ ಕೆಲಸದ ಮೇಜಿನ ಮೇಲೆ ಈಗ ನಾಲ್ಕು ಗುಂಡುಗಳು ಸಾಲಾಗಿ ನಿಂತಿವೆ. ನಾಲ್ಕೂ ಸೀಸದವು, ನಾಲ್ಕಕ್ಕೂ ಬಣ್ಣದ ಲೇಪವಿದೆ, ನಾಲ್ಕರ ವ್ಯಾಸವೂ 0.356 ಇಂಚು; ಮೂತಿ ಮಾತ್ರ ಒಂದರಂತೆ ಇನ್ನೊಂದಕ್ಕಿಲ್ಲ. ಮೊದಲನೆಯದು ಕೋಳಿಮೊಟ್ಟೆಯ ತುದಿಯಂತೆ ದುಂಡಗಿದೆ. ಇದು ರೌಂಡ್ ನೋಸ್. ಎರಡನೆಯದು ಅದೇ ದುಂಡು ಮೂತಿಯ ತುದಿಯನ್ನು ಅರದಿಂದ ಉಜ್ಜಿ ಸಣ್ಣ ಚಪ್ಪಟೆ ಮಾಡಿದಂತಿದೆ. ಮೂರನೆಯದು ತುದಿ ಕತ್ತರಿಸಿದ ಶಂಕುವಿನಂತೆ ನೇರ ಇಳಿಜಾರಿನದು, ಇಲ್ಲಿನವರು ಟ್ರಂಕೇಟೆಡ್ ಕೋನ್ ಎನ್ನುತ್ತಾರೆ. ಈ ಮೂರೂ 124ರಿಂದ 125 ಗ್ರೇನ್ ತೂಕದವು, ಅಂದರೆ ಸುಮಾರು 8 ಗ್ರಾಮ್. ನಾಲ್ಕನೆಯದು 147 ಗ್ರೇನಿನ, ಉದ್ದ ಮೈಯ, ಮೊಂಡು ಮೂತಿಯ ಗುಂಡು. ಕಳೆದ ಚಳಿಗಾಲವಿಡೀ ಈ ನಾಲ್ಕನ್ನು ಎರಡು 9 ಎಂ.ಎಂ. ಪಿಸ್ತೂಲುಗಳಿಗೆ ತುಂಬಿ, ಹಾರಿಸಿ, ಕಿತ್ತು, ಅಳೆದು ಕಂಡುಕೊಂಡದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ನಾನಿರುವುದು ಅಮೆರಿಕದ ಒಹಾಯೊ ರಾಜ್ಯದಲ್ಲಿ. ಇಲ್ಲಿ ಸ್ವಂತ ಬಳಕೆಗೆ ತೋಟಾ ತುಂಬಿಕೊಳ್ಳಲು, ಅಂದರೆ ಕೇಸು ಎಂಬ ಲೋಹದ ಕೊಳವೆಗೆ ಕೇಪು, ಮದ್ದು, ಗುಂಡು ಸೇರಿಸಿಕೊಳ್ಳಲು, ಕೇಂದ್ರ ಸರ್ಕಾರದ ಪರವಾನಗಿ ಬೇಕಿಲ್ಲ. ಮಾರಾಟಕ್ಕೆ ತುಂಬುವುದಾದರೆ ಬೇಕು. ಈ ದೇಶಕ್ಕೆ ಕೆಲಸದ ವೀಸಾದ ಮೇಲೆ ಬಂದಿರುವ ನಮ್ಮವರು ಮಾತ್ರ ಒಂದು ವಿಷಯವನ್ನು ಮರೆಯಬಾರದು: ವಲಸೆಯೇತರ ವೀಸಾದಲ್ಲಿರುವವರು ಕೆಲವು ವಿನಾಯಿತಿಗಳನ್ನು ಬಿಟ್ಟರೆ ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ನಾನೂ ಗ್ರೀನ್ ಕಾರ್ಡ್ ಕೈಗೆ ಬರುವವರೆಗೆ ಈ ಹವ್ಯಾಸದ ಗೋಜಿಗೆ ಹೋಗಿರಲಿಲ್ಲ. ಭಾರತದಲ್ಲಿ 9 ಎಂ.ಎಂ. ಸಾಮಾನ್ಯ ನಾಗರಿಕರ ಪಾಲಿಗೆ ನಿಷೇಧಿತ ಬೋರ್ ಆಗಿರುವುದರಿಂದ ಈ ಬರಹ ಊರಿನಲ್ಲಿ ಯಾರಿಗೂ ನೇರ ಉಪಯೋಗಕ್ಕೆ ಬರುವಂಥದ್ದಲ್ಲ. ಆದರೆ ತೋಟಾ, ಮದ್ದು, ಕೇಪು, ನಳಿಗೆ ಎಂಬ ಮಾತುಗಳನ್ನು ನಾನು ಕಲಿತದ್ದು ಮಲೆನಾಡಿನ ನಮ್ಮ ಮನೆಯ ಜಗಲಿಯಲ್ಲಿಯೇ. ಅಜ್ಜನ ಕೇಪಿನ ಕೋವಿಗೆ ಮದ್ದು ಸುರಿದು, ಮೇಲೆ ತೆಂಗಿನ ನಾರು ಜಡಿದು, ಚರೆ ಹಾಕುವುದನ್ನು ಕಣ್ಣರಳಿಸಿ ನೋಡಿ ಬೆಳೆದವನಿಗೆ, ಮದ್ದಿಗೆ ಕಿಡಿ ಕೊಡುವ ಪ್ರೈಮರ್ ಎಂದರೂ ಕೇಪು ಎಂದೇ ಬಾಯಿಗೆ ಬರುತ್ತದೆ.

ಸೀಸದ ಗುಂಡಿಗೆ ಲೇಪ ಏಕೆ ಬೇಕು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಬರಿಯ ಸೀಸ, ಗುಂಡನ್ನು ಗಿರಕಿ ಹೊಡೆಸಲು ನಳಿಗೆಯೊಳಗೆ ಕೊರೆದಿರುವ ರೈಫ್ಲಿಂಗ್ ಗೆರೆಗಳಿಗೆ ಉಜ್ಜಿ, ಹಿಂದಿನಿಂದ ಬರುವ ಬಿಸಿ ಅನಿಲಕ್ಕೆ ಸಿಕ್ಕಿ, ಒಳಗೋಡೆಗೆ ಮೆತ್ತಿಕೊಳ್ಳುತ್ತದೆ. ಹಿಂದಿನವರು ಇದನ್ನು ತಡೆಯಲು ಗುಂಡಿನ ಸುತ್ತ ಕೊರೆದ ತೋಡಿನಲ್ಲಿ ಜೇನುಮೇಣ ಬೆರೆಸಿದ ಜಿಡ್ಡನ್ನು ತುಂಬುತ್ತಿದ್ದರು. ಆ ಜಿಡ್ಡು ಉರಿದು ಏಳುವ ಹೊಗೆ ಚಳಿಗಾಲದ ಒಳಾಂಗಣ ರೇಂಜಿನಲ್ಲಿ ಗುರಿಹಲಗೆಯನ್ನೇ ಮಸುಕಾಗಿಸುತ್ತಿತ್ತು, ತುಂಬುವಾಗ ಗುಂಡನ್ನು ಕೇಸಿಗೆ ಒತ್ತುವ ಡೈ ಎಂಬ ಸಾಧನದೊಳಗೆ ಮೆತ್ತಿಕೊಂಡು ತೋಟಾದ ಉದ್ದವನ್ನೂ ಕೆಡಿಸುತ್ತಿತ್ತು. ಈಗ ಅದರ ಬದಲು ಗುಂಡಿನ ಮೈಗೆ ಪೂರ್ತಿಯಾಗಿ ಪಾಲಿಮರ್ ಲೇಪ ಹಚ್ಚಿ ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸುತ್ತಾರೆ. ಆಸ್ಟ್ರೇಲಿಯಾದಿಂದ ಬಂದ ಹೈ-ಟೆಕ್ ಎಂಬ ಲೇಪ ಒಂದು ಬಗೆ. ಕಬ್ಬಿಣದ ಗೇಟುಗಳಿಗೆ ಮಾಡುವಂಥ ಪೌಡರ್ ಕೋಟಿಂಗ್ ಇನ್ನೊಂದು. ಲೇಪ ಸರಿಯಾಗಿ ಬೆಂದಿದೆಯೇ ಎಂದು ತಿಳಿಯಲು ಅಸಿಟೋನ್‌ನಲ್ಲಿ ಅದ್ದಿದ ಬಿಳಿ ಬಟ್ಟೆಯಿಂದ ಉಜ್ಜಿ ನೋಡುವುದುಂಟು; ಬಟ್ಟೆಗೆ ಬಣ್ಣ ಹತ್ತಬಾರದು. ತಾಮ್ರದ ಹೊದಿಕೆಯ ಗುಂಡಿಗಿಂತ ಇದು ಅಗ್ಗ, ನಳಿಗೆಯ ಸವೆತವೂ ಕಡಿಮೆ. ವಾರಕ್ಕೆ ಇನ್ನೂರು ಈಡು ಹೊಡೆಯುವವನಿಗೆ ಈ ಎರಡು ಕಾರಣ ಸಾಕು.

ನನ್ನ ಪಾಠ ಶುರುವಾದದ್ದು ಒಂದು ಅವಮಾನದಿಂದ. ಮೊದಲ ಪಿಸ್ತೂಲಿಗೆ ದುಂಡು ಮೂತಿಯ ಗುಂಡನ್ನು 28.9 ಮಿಲಿಮೀಟರ್ ಉದ್ದಕ್ಕೆ ಕೂರಿಸಿ ಎರಡು ವರ್ಷ ನಿರಾತಂಕವಾಗಿ ಹೊಡೆದಿದ್ದೆ. ದುಂಡು ಮೂತಿಯ ಗುಂಡು ಅಂಗಡಿಯಲ್ಲಿ ಸಿಗದೆ ಶಂಕುವಿನ ಆಕಾರದ್ದನ್ನು ತಂದಾಗ, ತೂಕ ಹೆಚ್ಚುಕಡಿಮೆ ಅದೇ ಅಲ್ಲವೇ ಎಂದು ಡೈಯನ್ನು ಮುಟ್ಟದೆ ಅದೇ ಉದ್ದಕ್ಕೆ ಇನ್ನೂರು ತೋಟಾ ತುಂಬಿದೆ. ಮೊದಲ ಪಿಸ್ತೂಲಿನಲ್ಲಿ ಅವು ಸರಾಗವಾಗಿ ಹೋದವು. ಆ ಭಾನುವಾರದ ಸ್ಪರ್ಧೆಗೆ ಹೊಸದಾಗಿ ಕೊಂಡ ಎರಡನೆಯ ಪಿಸ್ತೂಲನ್ನು ಒಯ್ದಿದ್ದೆ. ಮೊದಲ ತೋಟಾಕ್ಕೇ ಸ್ಲೈಡು, ಅಂದರೆ ಪಿಸ್ತೂಲಿನ ಹಿಂದುಮುಂದು ಸರಿಯುವ ಮೇಲಿನ ಭಾಗ, ಪೂರ್ತಿ ಮುಚ್ಚಲು ಎರಡು ಮಿಲಿಮೀಟರ್ ಇರುವಾಗ ನಿಂತುಬಿಟ್ಟಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಪಕ್ಕದಲ್ಲಿದ್ದ ಅಧಿಕಾರಿ ನಳಿಗೆಯ ದಿಕ್ಕನ್ನೇ ನೋಡುತ್ತಾ ತಾಳ್ಮೆಯಿಂದ ಕಾದರು. ಸ್ಲೈಡನ್ನು ಬಲವಾಗಿ ಎಳೆದಾಗ ಕೇಸು ಮಾತ್ರ ಹೊರಗೆ ಬಂತು, ಗುಂಡು ರೈಫ್ಲಿಂಗಿಗೆ ಕಚ್ಚಿಕೊಂಡು ಒಳಗೇ ಉಳಿಯಿತು, ಮದ್ದಿನ ಕಾಳೆಲ್ಲ ಪಿಸ್ತೂಲಿನ ಹೊಟ್ಟೆಯೊಳಗೆ ಚೆಲ್ಲಿಹೋಯಿತು. ಅಂದಿನ ಸ್ಪರ್ಧೆ ನನ್ನ ಪಾಲಿಗೆ ಅಲ್ಲಿಗೆ ಮುಗಿಯಿತು.

ತಪ್ಪು ಪಿಸ್ತೂಲಿನದಲ್ಲ, ಗುಂಡಿನದೂ ಅಲ್ಲ. ತೋಟಾದ ಒಟ್ಟು ಉದ್ದವೆಂಬುದು ಕೇಸಿನ ಬುಡದಿಂದ ಗುಂಡಿನ ತುದಿಯವರೆಗಿನ ಅಳತೆ. ತೋಟಾಗಳನ್ನು ಜೋಡಿಸಿಡುವ ಮ್ಯಾಗಜೀನಿಗೆ ಅದು ಹಿಡಿಸುತ್ತದೆಯೇ ಎಂಬ ಪ್ರಶ್ನೆಗೆ ಈ ಅಳತೆ ಉತ್ತರ ಕೊಡುತ್ತದೆ. ನಳಿಗೆಯ ಹಿಂಬದಿಯಲ್ಲಿ ತೋಟಾ ಕೂರುವ ಚೇಂಬರಿಗೆ ಹಿಡಿಸುತ್ತದೆಯೇ ಎಂಬ ಪ್ರಶ್ನೆಗೆ ಕೊಡುವುದಿಲ್ಲ. ಚೇಂಬರಿಗೆ ಮುಖ್ಯವಾದುದು ಗುಂಡಿನ ತುದಿಯಲ್ಲ, ಅದರ ಭುಜ, ಅಂದರೆ ಪೂರ್ಣ ವ್ಯಾಸದ ಮೈ ಮುಗಿದು ಮೂತಿ ಕಿರಿದಾಗತೊಡಗುವ ಜಾಗ. ದುಂಡು ಮೂತಿಯ ಗುಂಡಿನ ತೂಕ ಉದ್ದದುದ್ದಕ್ಕೂ ಹರಡಿಕೊಂಡಿರುವುದರಿಂದ ಅದರ ಮೂತಿ ನೀಳ, ಭುಜ ಕೇಸಿನ ಬಾಯಿಯ ಹತ್ತಿರವೇ ಇರುತ್ತದೆ. ಶಂಕುವಿನ ಆಕಾರದ್ದು ಗಿಡ್ಡ. ಅದನ್ನು ಅಷ್ಟೇ ಒಟ್ಟು ಉದ್ದಕ್ಕೆ ಕೂರಿಸಿದರೆ ಪೂರ್ಣ ವ್ಯಾಸದ ಮೈಯ ಒಂದು ಭಾಗ ಕೇಸಿನಿಂದ ಹೊರಗೆ ಇಣುಕುತ್ತದೆ. ಚೇಂಬರಿನ ಮುಂದೆ ರೈಫ್ಲಿಂಗ್ ಶುರುವಾಗುವ ಮೊದಲು ಧಾರಾಳವಾಗಿ ಜಾಗ ಬಿಟ್ಟಿರುವ ನಳಿಗೆಯಲ್ಲಿ ಅದು ನಡೆದುಹೋಗುತ್ತದೆ. ಜಾಗ ಬಿಡದ ನಳಿಗೆಯಲ್ಲಿ ಭುಜ ನೇರವಾಗಿ ಗೆರೆಗಳಿಗೆ ಹೋಗಿ ಗುದ್ದುತ್ತದೆ. ನನ್ನ ಎರಡನೆಯ ಪಿಸ್ತೂಲು ಈ ಎರಡನೆಯ ಜಾತಿಯದು.

ಹಾಗಾದರೆ ಇನ್ನಷ್ಟು ಆಳಕ್ಕೆ ಒತ್ತಿದರಾಯಿತಲ್ಲ ಎನ್ನಬಹುದು. ಒತ್ತಲೇಬೇಕು, ಆದರೆ ಲೆಕ್ಕ ಹಾಕಿ ಒತ್ತಬೇಕು. ಇಲ್ಲಿನ ಕೈಪಿಡಿಗಳೆಲ್ಲ ಇಂಚಿನಲ್ಲಿವೆ. ನಾನು ಮಿಲಿಮೀಟರಿನಲ್ಲಿ ಯೋಚಿಸುವವನಾದ್ದರಿಂದ ಕ್ಯಾಲಿಪರನ್ನು ಅದಕ್ಕೇ ಹೊಂದಿಸಿಕೊಂಡಿದ್ದೇನೆ. ಗುಂಡಿನ ಉದ್ದಕ್ಕೆ ಕೇಸಿನ ಉದ್ದವನ್ನು ಕೂಡಿಸಿ, ಅದರಿಂದ ತೋಟಾದ ಒಟ್ಟು ಉದ್ದವನ್ನು ಕಳೆದರೆ ಗುಂಡು ಕೇಸಿನೊಳಗೆ ಎಷ್ಟು ಇಳಿದಿದೆ ಎಂಬುದು ಸಿಗುತ್ತದೆ. ನನ್ನ ದುಂಡು ಮೂತಿಯ ಗುಂಡು 15.0, ಕೇಸು 19.0, ಒಟ್ಟು 28.9, ಅಂದರೆ ಗುಂಡು ಒಳಗೆ 5.1 ಮಿಲಿಮೀಟರ್ ಇಳಿದಿದೆ. ಶಂಕುವಿನದು 14.0 ಉದ್ದ, ಎರಡನೆಯ ಪಿಸ್ತೂಲಿಗೆ ಹಿಡಿಸುವಂತೆ ಒಟ್ಟು ಉದ್ದವನ್ನು 27.3ಕ್ಕೆ ಇಳಿಸಿದಾಗ ಒಳಗೆ 5.7 ಆಗುತ್ತದೆ. ಹೊರಗಿನಿಂದ ನೋಡಿದರೆ ತೋಟಾ 1.6 ಮಿಲಿಮೀಟರಿನಷ್ಟು ಗಿಡ್ಡವಾಗಿ ಭಯ ಹುಟ್ಟಿಸುತ್ತದೆ, ಆದರೆ ಒಳಗೆ ಕಡಿಮೆಯಾದ ಜಾಗ 0.6 ಮಿಲಿಮೀಟರಿನಷ್ಟೇ. ಹಾಗೆಂದು ಆ 0.6 ಅನ್ನು ಹಗುರವಾಗಿ ಕಾಣುವಂತಿಲ್ಲ. 9 ಎಂ.ಎಂ. ಕೇಸಿನೊಳಗೆ ಮದ್ದಿಗಿರುವ ಜಾಗವೇ ಕಡಿಮೆ, ಅದಕ್ಕೆ ನಿಗದಿಯಾಗಿರುವ ಗರಿಷ್ಠ ಒತ್ತಡ ಚದರ ಇಂಚಿಗೆ 35,000 ಪೌಂಡ್. ಜಾಗ ಕಿರಿದಾದರೆ ಅದೇ ಮದ್ದು ಹೆಚ್ಚು ಒತ್ತಡ ಎಬ್ಬಿಸುತ್ತದೆ. ಆದ್ದರಿಂದ ಮೂತಿ ಬದಲಾದಾಗಲೆಲ್ಲ ನಾನು ಮದ್ದಿನ ಪ್ರಮಾಣವನ್ನು ತಯಾರಕರ ಕೈಪಿಡಿಯ ಆರಂಭದ ಅಂಕಿಗೆ ಇಳಿಸಿ, ಅಲ್ಲಿಂದ ಮೆಲ್ಲಗೆ ಮೇಲೆ ಬರುತ್ತೇನೆ. ಪ್ರಮಾಣಗಳನ್ನು ಇಲ್ಲಿ ಬರೆಯುವುದಿಲ್ಲ. ಅವನ್ನು ಕೈಪಿಡಿಯಿಂದಲೇ ತೆಗೆದುಕೊಳ್ಳಬೇಕು, ಇನ್ನೊಬ್ಬರ ಟಿಪ್ಪಣಿಯಿಂದ ಅಲ್ಲ. ಉದ್ದದ ಮಾತೂ ಅಷ್ಟೇ. ಮೇಲಿನ ಅಂಕಿಗಳು ನನ್ನ ನಳಿಗೆ ಮತ್ತು ನನ್ನ ಗುಂಡಿನ ಅಂಕಿಗಳು.

ಉದ್ದವನ್ನು ಕಂಡುಹಿಡಿಯುವ ಕೆಲಸವನ್ನು ನಳಿಗೆಗೇ ಒಪ್ಪಿಸುವುದು ಲೇಸು. ಪಿಸ್ತೂಲನ್ನು ಬಿಚ್ಚಿ, ನಳಿಗೆಯನ್ನು ಬಾಯಿ ಕೆಳಗಾಗಿ ಎಡಗೈಯಲ್ಲಿ ಹಿಡಿದು, ಮದ್ದೂ ಕೇಪೂ ಇಲ್ಲದ ಮಾದರಿ ತೋಟಾವನ್ನು ಚೇಂಬರಿಗೆ ಬಿಡಬೇಕು. ಸರಿಯಾಗಿದ್ದರೆ ಅದು ಟಕ್ ಎಂದು ಲೋಹದ ಸದ್ದು ಮಾಡಿ ತಳ ಸೇರುತ್ತದೆ, ಬೆರಳಿನಿಂದ ತಿರುಗಿಸಿದರೆ ಎಲ್ಲಿಯೂ ತಡೆಯದೆ ತಿರುಗುತ್ತದೆ, ನಳಿಗೆಯನ್ನು ತಲೆಕೆಳಗು ಮಾಡಿದರೆ ತಾನಾಗಿ ಅಂಗೈಗೆ ಜಾರುತ್ತದೆ. ತಡೆದರೆ ಎಲ್ಲಿ ತಡೆಯುತ್ತಿದೆ ಎಂಬುದನ್ನು ತಿಳಿಯಲು ಮಾದರಿ ತೋಟಾದ ಮೈಗೆಲ್ಲ ಕಪ್ಪು ಮಾರ್ಕರಿನಿಂದ ಬಳಿದು, ಮತ್ತೆ ಚೇಂಬರಿಗೆ ಬಿಟ್ಟು, ತಿರುಗಿಸಿ ತೆಗೆಯಬೇಕು. ಮೂತಿಯ ಬುಡದಲ್ಲಿ ಗೀರು ಬಿದ್ದಿದ್ದರೆ ಗುಂಡು ರೈಫ್ಲಿಂಗಿಗೆ ತಾಗುತ್ತಿದೆ, ಉದ್ದ ಇಳಿಸಬೇಕು. ಕೇಸಿನ ಬಾಯಂಚಿನಲ್ಲಿ ಬಿದ್ದಿದ್ದರೆ, ಗುಂಡು ಕೂರಿಸಲೆಂದು ಅರಳಿಸಿದ ಬಾಯಿ ಪೂರ್ತಿ ಮುಚ್ಚಿಲ್ಲ. ಕೇಸಿನ ಒಂದೇ ಪಕ್ಕದಲ್ಲಿ ಬಿದ್ದಿದ್ದರೆ ಗುಂಡು ಓರೆಯಾಗಿ ಕೂತು ಕೇಸನ್ನು ಉಬ್ಬಿಸಿದೆ. ನಾನು ಈ ಪರೀಕ್ಷೆಯನ್ನು ಎರಡೂ ನಳಿಗೆಗಳಲ್ಲಿ ಮಾಡಿ, ಎರಡರಲ್ಲಿ ಕಡಿಮೆ ಬಂದ ಉದ್ದದಿಂದ ಇನ್ನೂ 0.3 ಮಿಲಿಮೀಟರ್ ಕಳೆದು ಇಟ್ಟುಕೊಳ್ಳುತ್ತೇನೆ, ಏಕೆಂದರೆ ತುಂಬುವ ಯಂತ್ರವಾದ ಪ್ರೆಸ್ಸಿನಿಂದ ಇಳಿಯುವ ತೋಟಾಗಳೆಲ್ಲ ಒಂದೇ ಉದ್ದಕ್ಕೆ ಇರುವುದಿಲ್ಲ.

ಶಂಕುವಿನ ಆಕಾರ ಪಿಸ್ತೂಲಿಗೆ ಒಗ್ಗುವುದಿಲ್ಲ, ದುಂಡು ಮೂತಿಯೇ ಮೂಲ ಎಂದು ರೇಂಜಿನಲ್ಲಿ ಹಿರಿಯರೊಬ್ಬರು ನನಗೆ ಬುದ್ಧಿ ಹೇಳಿದ್ದರು. ಇತಿಹಾಸ ಅದಕ್ಕೆ ತಿರುಗುಮುರುಗಾಗಿದೆ. ಗಿಯೋರ್ಗ್ ಲೂಗರ್ 20ನೆಯ ಶತಮಾನದ ಆರಂಭದಲ್ಲಿ ರೂಪಿಸಿದ, ಜರ್ಮನಿಯ ನೌಕಾಪಡೆ 1904ರಲ್ಲಿಯೂ ಭೂಸೇನೆ 1908ರಲ್ಲಿಯೂ ಸ್ವೀಕರಿಸಿದ 9 ಎಂ.ಎಂ. ಪ್ಯಾರಾಬೆಲ್ಲಂ ತೋಟಾದ ಮೊದಲ ಗುಂಡು ತುದಿ ಕತ್ತರಿಸಿದ ಶಂಕುವಿನ ಆಕಾರದ್ದೇ ಆಗಿತ್ತು. ದುಂಡು ಮೂತಿ ಬಂದದ್ದು ಮೊದಲನೆಯ ಮಹಾಯುದ್ಧದ ನಡುವೆ. ಮ್ಯಾಗಜೀನಿನಿಂದ ಚೇಂಬರಿಗೆ ಏರುವ ಇಳಿಜಾರಿನಲ್ಲಿ ದುಂಡು ಮೂತಿ ನಿಜಕ್ಕೂ ಹೆಚ್ಚು ಕ್ಷಮಾಶೀಲ. ಉದ್ದ ಸ್ವಲ್ಪ ಆಚೀಚೆಯಾದರೂ ಅದು ಜಾರಿಕೊಂಡು ಹೋಗುತ್ತದೆ. ಆದರೆ ಉದ್ದ ಸರಿಮಾಡಿದ ಮೇಲೆ ನನ್ನ ಎರಡು ಪಿಸ್ತೂಲುಗಳೂ ಶಂಕುವನ್ನು ಒಮ್ಮೆಯೂ ಉಗುಳಲಿಲ್ಲ.

ಪ್ರೆಸ್ಸಿನ ಕಡೆಯಿಂದ ನೋಡಿದರೆ ಮೂತಿ ಇನ್ನೊಂದು ಕಡೆಯೂ ಕೈಕೊಡುತ್ತದೆ. ಗುಂಡನ್ನು ಕೇಸಿಗೆ ಒತ್ತುವ ಡೈಯೊಳಗಿನ ಕಡ್ಡಿಯ ತಳ ದುಂಡು ಮೂತಿಗೆಂದು ಬಟ್ಟಲಿನಂತೆ ಕೊರೆದಿರುತ್ತದೆ. ಅದರಿಂದಲೇ ಚಪ್ಪಟೆ ಮೂತಿಯನ್ನು ಒತ್ತಿದಾಗ ಬಟ್ಟಲಿನ ಅಂಚು ಗುಂಡಿನ ಇಳಿಜಾರಿಗೆ ಕೂತು, ಲೇಪದ ಮೇಲೆ ಬಳೆಯಾಕಾರದ ಗುರುತು ಬೀಳಿಸುತ್ತದೆ, ಉದ್ದವೂ ಒಂದೊಂದು ತೋಟಾಕ್ಕೆ ಒಂದೊಂದಾಗುತ್ತದೆ. ಹಲವು ಡೈಗಳಲ್ಲಿ ಈ ಕಡ್ಡಿಯನ್ನು ತಲೆಕೆಳಗು ಮಾಡಿದರೆ ಚಪ್ಪಟೆ ತಳ ಸಿಗುತ್ತದೆ. ನನ್ನ ಡೈಯಲ್ಲಿ ಅದಿದೆ ಎಂಬುದು ನನಗೆ ತಿಳಿದದ್ದು ಮೂರನೆಯ ತಿಂಗಳಲ್ಲಿ.

ಲೇಪದ ಗುಂಡಿನ ವಿಷಯದಲ್ಲಿ ಮೂತಿಗಿಂತಲೂ ಹೆಚ್ಚು ಕೇಡು ಮಾಡುವುದು ಕೇಸಿನ ಬಾಯಿ. ಆ ಇನ್ನೂರು ತೋಟಾಗಳಲ್ಲಿ ಉಳಿದವನ್ನು ಒಂದು ಸಂಜೆ ಬೇಸ್‌ಮೆಂಟಿನಲ್ಲಿ ಕೂತು ಕಿತ್ತೆ. ಗುಂಡು ಕೀಳಲು ಒಂದು ಪ್ಲಾಸ್ಟಿಕ್ ಸುತ್ತಿಗೆ ಇದೆ. ಅದರ ತಲೆಯೊಳಗೆ ತೋಟಾವನ್ನು ಸಿಕ್ಕಿಸಿ ಗಟ್ಟಿ ಮರದ ದಿಮ್ಮಿಯ ಮೇಲೆ ಕುಟ್ಟಿದರೆ ಮೂರನೆಯ ಪೆಟ್ಟಿಗೆ ಗುಂಡು ಕಳಚಿ, ಮದ್ದಿನೊಡನೆ ಸುತ್ತಿಗೆಯ ಹೊಟ್ಟೆಗೆ ಬೀಳುತ್ತದೆ. ಮೊದಲ ಗುಂಡನ್ನು ದೀಪದ ಕೆಳಗೆ ಹಿಡಿದು ನೋಡಿದಾಗ ಕೆಂಪು ಲೇಪದ ನಡುವೆ ಸುತ್ತಲೂ ಕೂದಲೆಳೆಯಷ್ಟು ಅಗಲದ ಬೂದು ಗೆರೆ ಕಂಡಿತು. ಉಗುರಿನಿಂದ ಮುಟ್ಟಿದರೆ ತಗ್ಗು ತಿಳಿಯುತ್ತಿತ್ತು. ಒಂದು ಪಕ್ಕದಲ್ಲಿ ಲೇಪವು ಈರುಳ್ಳಿ ಸಿಪ್ಪೆಯಂತೆ ಸುಲಿದು ಸುರುಳಿಯಾಗಿ ನಿಂತಿತ್ತು. ಎರಡು ತಪ್ಪುಗಳು ಒಂದೇ ಗುಂಡಿನಲ್ಲಿ ಓದಲು ಸಿಕ್ಕಿದ್ದವು: ಸುಲಿದ ಸಿಪ್ಪೆ ಕೇಸಿನ ಬಾಯನ್ನು ಸಾಕಷ್ಟು ಅರಳಿಸಿರಲಿಲ್ಲವೆಂಬುದಕ್ಕೆ, ಬೂದು ಗೆರೆ ಕೊನೆಯಲ್ಲಿ ಬಾಯನ್ನು ಅತಿಯಾಗಿ ಬಿಗಿದಿದ್ದೆನೆಂಬುದಕ್ಕೆ. ಹೀಗೆ ಲೇಪ ಹರಿದ ಗುಂಡು ಬರಿಯ ಸೀಸದ ಗುಂಡಿನಂತೆಯೇ ನಳಿಗೆಗೆ ಮೆತ್ತಿಕೊಳ್ಳುತ್ತದೆ. ಅತಿಯಾಗಿ ಹಿಸುಕಿ ವ್ಯಾಸ ಕುಗ್ಗಿದ್ದು ನಳಿಗೆಯನ್ನು ಸರಿಯಾಗಿ ತುಂಬದೆ, ಕಾಗದಕ್ಕೆ ಅಡ್ಡಲಾಗಿ ಬಡಿದು ಕೀಲಿಕೈ ತೂತಿನಂಥ ಗುರುತು ಬಿಡುತ್ತದೆ. ಈಗ ನಾನು ಬಾಯನ್ನು ಗುಂಡು ಕೈಬಿಟ್ಟರೂ ನೆಟ್ಟಗೆ ನಿಲ್ಲುವಷ್ಟು ಅರಳಿಸುತ್ತೇನೆ, ಬಿಗಿಯುವಾಗ ಅರಳಿದ್ದನ್ನು ನೇರಮಾಡುವುದಕ್ಕಿಂತ ಹೆಚ್ಚಿಗೆ ಹೋಗುವುದಿಲ್ಲ, ಪ್ರತಿ ಹೊಸ ಡಬ್ಬಿಯಿಂದ ಒಂದು ತೋಟಾವನ್ನು ತುಂಬಿ ಕಿತ್ತು ನೋಡುತ್ತೇನೆ.

147 ಗ್ರೇನಿನದು ಈ ವಿಷಯದಲ್ಲಿ ಹೆಚ್ಚು ಕಷ್ಟಜೀವಿ. ಅದರ ಉದ್ದ 16.9, ನನ್ನ ಒಟ್ಟು ಉದ್ದ 27.9, ಒಳಗೆ 8.0 ಮಿಲಿಮೀಟರ್ ಇಳಿಯುತ್ತದೆ. 9 ಎಂ.ಎಂ. ಕೇಸಿನ ಗೋಡೆ ಕೆಳಗೆ ಹೋದಂತೆ ದಪ್ಪವಾಗುವುದರಿಂದ ಉದ್ದ ಗುಂಡಿನ ಬುಡ ಆ ದಪ್ಪಕ್ಕೆ ಸಿಕ್ಕಿ, ಮೆದು ಸೀಸವಾದರೆ ಹಿಸುಕಿಕೊಳ್ಳುತ್ತದೆ, ಗಟ್ಟಿಯಾದರೆ ಕೇಸನ್ನೇ ಉಬ್ಬಿಸುತ್ತದೆ. ಆದರೂ ಇದನ್ನು ಬಯಸುವವರು ಬಹಳ. ಕಾರಣ ಸ್ಪರ್ಧೆಯ ನಿಯಮ. ಯುಎಸ್‌ಪಿಎಸ್‌ಎ ಎಂಬ ಗುರಿಕಾರರ ಸಂಘದ ಸ್ಪರ್ಧೆಗಳಲ್ಲಿ ಗುಂಡಿನ ತೂಕವನ್ನು ಗ್ರೇನಿನಲ್ಲಿಯೂ ವೇಗವನ್ನು ಸೆಕೆಂಡಿಗೆ ಅಡಿಗಳಲ್ಲಿಯೂ ತೆಗೆದುಕೊಂಡು, ಗುಣಿಸಿ, ಸಾವಿರದಿಂದ ಭಾಗಿಸಿದಾಗ ಮೈನರ್ ಎಂಬ ಕಡಿಮೆ ಬಲದ ತೋಟಾಗಳ ವರ್ಗಕ್ಕೆ ಕನಿಷ್ಠ 125 ಬರಬೇಕು. 124 ಗ್ರೇನಿಗೆ ಅದಕ್ಕಾಗಿ 1009 ಅಡಿ ವೇಗ ಬೇಕು. 147ಕ್ಕೆ 851 ಸಾಕು. ಅಂಕಿ ಒಂದೇ, ಕೈಗೆ ಬರುವ ಪೆಟ್ಟು ಮಾತ್ರ ಬೇರೆ: ಹಗುರ ಗುಂಡು ಚುರುಕಾಗಿ ಕುಟುಕುತ್ತದೆ, ಭಾರದ್ದು ನಿಧಾನವಾಗಿ ತಳ್ಳುತ್ತದೆ. ನನಗೆ ಈ ತಳ್ಳು ಹಿಡಿಸಿತು, ಆದರೆ ಅದಕ್ಕಾಗಿ ಸಹಿಸಿಕೊಳ್ಳಬೇಕಾದ ಉಬ್ಬಿದ ಕೇಸುಗಳು ಹಿಡಿಸಲಿಲ್ಲ.

ಇನ್ನು ಕಾಗದದ ಮೇಲಿನ ತೂತು. ದುಂಡು ಮೂತಿ ಕಾಗದವನ್ನು ಕತ್ತರಿಸುವುದಿಲ್ಲ, ಸೀಳಿ ಪಕ್ಕಕ್ಕೆ ಸರಿಸುತ್ತದೆ. ಹೊರಬಿದ್ದ ಮೇಲೆ ಕಾಗದದ ನಾರು ಮತ್ತೆ ಒಳಗೆ ಚಾಚಿ, ತೂತು ಗುಂಡಿಗಿಂತ ಚಿಕ್ಕದಾಗಿ ಕಾಣುತ್ತದೆ. ಮೂತಿ ಚಪ್ಪಟೆಯಾದಷ್ಟೂ ತೂತು ಸ್ವಚ್ಛ. ಗೆರೆಗೆ ತಾಗಿತೋ ಇಲ್ಲವೋ ಎಂದು ಅಂಕ ಎಣಿಸುವಾಗ ಇದು ಸಣ್ಣ ಮಾತಲ್ಲ. ಒಂದೇ ಕೈಯಲ್ಲಿ 25 ಮತ್ತು 50 ಗಜದಿಂದ ಹೊಡೆಯುವ ಬುಲ್ಸ್‌ಐ ಸ್ಪರ್ಧೆಯವರು, ಈ ರಾಜ್ಯದ ಈರಿ ಸರೋವರದ ದಂಡೆಯ ಕ್ಯಾಂಪ್ ಪೆರಿಯಲ್ಲಿ 1907ರಿಂದ ನಡೆಯುತ್ತಿರುವ ರಾಷ್ಟ್ರೀಯ ಪಂದ್ಯಗಳಿಗೆ ಬರುವವರು, ವಾಡ್‌ಕಟರ್ ಎಂಬ, ಕಾಗದವನ್ನು ಕತ್ತರಿಸುವ ಚೂಪಂಚಿನ ಆಕಾರಗಳಿಗೆ ಮನಸೋತಿರುವುದು ಇದಕ್ಕಾಗಿಯೇ. .38 ಸ್ಪೆಷಲ್ ರಿವಾಲ್ವರಿನ 148 ಗ್ರೇನಿನ ಪೂರ್ಣ ವಾಡ್‌ಕಟರಿಗೆ ಮೂತಿಯೇ ಇಲ್ಲ. ಅದು ಕೇಸಿನ ಬಾಯಿಗೆ ಸಮನಾಗಿ ಒಳಗೆ ಅಡಗಿ, ಕಾಗದದಲ್ಲಿ ಪಂಚ್ ಹೊಡೆದಂಥ ದುಂಡು ತೂತು ತೆಗೆಯುತ್ತದೆ. ಅರೆ-ಸ್ವಯಂಚಾಲಿತ ಪಿಸ್ತೂಲಿಗೆ ಅದು ಸಾಮಾನ್ಯವಾಗಿ ಸಲ್ಲುವುದಿಲ್ಲವಾದ್ದರಿಂದ ಅಲ್ಲಿ ಬಳಸುವುದು ಚೂಪಂಚಿನ ಭುಜದ ಮುಂದೆ ಕಿರಿದಾದ ಮೂತಿಯಿರುವ ಸೆಮಿ-ವಾಡ್‌ಕಟರ್. ಗೆಳೆಯರೊಬ್ಬರ .45 ಪಿಸ್ತೂಲಿಗೆ ಹೆನ್ಸ್ಲಿ ಅಂಡ್ ಗಿಬ್ಸ್ ಅಚ್ಚಿನವರ 68ನೆಯ ಸಂಖ್ಯೆಯ ಮಾದರಿಯ 200 ಗ್ರೇನ್ ಗುಂಡನ್ನು ತುಂಬಿಕೊಟ್ಟಾಗ ಅದರ ಜಾಣತನ ಕಂಡೆ: ನೀಳ ಮೂತಿಯ ಚಪ್ಪಟೆ ಅಂಚು ದುಂಡು ಗುಂಡಿನ ಬಾಗು ಎಲ್ಲಿ ತಾಗುತ್ತಿತ್ತೋ ಅಲ್ಲಿಯೇ ಇಳಿಜಾರಿಗೆ ತಾಗುತ್ತದೆ, ಹಾಗಾಗಿ ಪಿಸ್ತೂಲಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಅದರ ಭುಜವನ್ನು ಕೇಸಿನ ಬಾಯಿಯಿಂದ ಉಗುರಿನ ದಪ್ಪದಷ್ಟು ಮೇಲೆ ನಿಲ್ಲಿಸಬೇಕು ಎಂಬುದು ಹಳಬರ ಲೆಕ್ಕ. ಅಲ್ಲಿಯೂ ಅಳತೆಯ ಗುರುತು ಭುಜವೇ ಹೊರತು ತುದಿಯಲ್ಲ.

ಜಿಡ್ಡಿನ ಕಾಲದ ತೋಡನ್ನು ಲೇಪದ ಗುಂಡುಗಳಲ್ಲಿ ಉಳಿಸಬೇಕೇ, ಬುಡ ಚಪ್ಪಟೆಯಿರಬೇಕೇ ಅಂಚು ಸವರಿರಬೇಕೇ ಎಂಬ ಚರ್ಚೆಗಳಿಗೆ ಕೊನೆಯಿಲ್ಲ. ಅಂಚು ಸವರಿದ ಬುಡ ಕೇಸಿಗೆ ಸಲೀಸಾಗಿ ಕೂರುತ್ತದೆ. ಉಳಿದದ್ದರಲ್ಲಿ ನನಗೆ ವ್ಯತ್ಯಾಸ ಕಾಣಲಿಲ್ಲ.

ಗುರಿಯ ನಿಖರತೆಯ ಬಗ್ಗೆ ನಾನು ಹೆಚ್ಚು ಹೇಳಲಾರೆ. ಮರಳಿನ ಚೀಲದ ಮೇಲೆ ಕೈಯಿಟ್ಟು 25 ಗಜದಿಂದ ನಾಲ್ಕೂ ಬಗೆಯನ್ನು ಹತ್ತು ಹತ್ತರಂತೆ ಹಲವು ಸಲ ಹೊಡೆದೆ. ಚಪ್ಪಟೆ ಮೂತಿಯವು ತುಸು ಒತ್ತಾಗಿ ಬಿದ್ದಂತೆ ಕಂಡರೂ ಆ ವ್ಯತ್ಯಾಸ ನನ್ನ ಕೈನಡುಕಕ್ಕಿಂತ ದೊಡ್ಡದಾಗಿರಲಿಲ್ಲ. ಹಾಗಾಗಿ ನನ್ನ ಆಯ್ಕೆ ನಿಖರತೆಯ ಮೇಲೆ ನಿಂತಿಲ್ಲ, ಒಂದೇ ತೋಟಾ ಎರಡೂ ಪಿಸ್ತೂಲುಗಳಿಗೆ ಹಿಡಿಸಬೇಕೆಂಬ ಸೋಮಾರಿತನದ ಮೇಲೆ ನಿಂತಿದೆ. ಸಾಲಿನಲ್ಲಿ ಎರಡನೆಯದು, ತುದಿ ಉಜ್ಜಿದಂತಿರುವ ದುಂಡು ಮೂತಿ, ಗಿಡ್ಡ ಚೇಂಬರಿಗೂ ಒಗ್ಗುತ್ತದೆ, ಇಳಿಜಾರಿನಲ್ಲಿಯೂ ಜಾರುತ್ತದೆ, ಕಾಗದದಲ್ಲಿ ಗೆರೆ ಎಣಿಸಲು ಸಾಕಾಗುವಷ್ಟು ಸ್ವಚ್ಛ ತೂತನ್ನೂ ಬಿಡುತ್ತದೆ. ಅದರ ಉದ್ದವನ್ನು ನನ್ನ ಎರಡನೆಯ ನಳಿಗೆ 28.1 ಎಂದು ತೀರ್ಮಾನಿಸಿದೆ. ಡೈಯ ತಿರುಪಿನ ಮೇಲೆ ಆ ಜಾಗಕ್ಕೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆದಿದ್ದೇನೆ.

ಶಂಕುವಿನ ಗುಂಡುಗಳು ಇನ್ನೂ ಮುನ್ನೂರರಷ್ಟು ಉಳಿದಿವೆ. ಅವನ್ನು ಬೇರೆ ಡಬ್ಬಿಗೆ ಹಾಕಿ, ಮುಚ್ಚಳಕ್ಕೆ ಕಾಗದ ಅಂಟಿಸಿ, 27.3 ಎಂದು ಕನ್ನಡದ ಅಂಕಿಗಳಲ್ಲಿ ಬರೆದಿದ್ದೇನೆ. ಕೆಲಸ ಮುಗಿದ ಮೇಲೆ ಸೀಸ ಮುಟ್ಟಿದ ಕೈಯನ್ನು ತಣ್ಣೀರು, ಸೋಪಿನಲ್ಲಿ ತೊಳೆಯದೆ ಮೇಲಿನ ಮಹಡಿಗೆ ಹೋಗುವಂತಿಲ್ಲ ಎಂಬುದು ಹೆಂಡತಿಯ ಕಟ್ಟಪ್ಪಣೆ. ಬೇಸ್‌ಮೆಂಟಿನ ಸಿಂಕಿನ ಪಕ್ಕದಲ್ಲಿ ಅದಕ್ಕೆಂದೇ ಒಂದು ಸೋಪು ಇದೆ.